ಹತ್ತಕ್ಕೆ ಆರು

ನವೆಂಬರ್ ೩, ಸೋಮವಾರ

ವಾರದ ಟೆಸ್ಟ್ ಕಾಲ್. ಎರಡನೇ ರಿಂಗಿಗೇ ಎತ್ತಿದರು.

"ಮೇಲ್ಮನೆ, ಇದ್ದೀರಾ?"

"ಇದ್ದೀವಿ ಕೆಳಮನೆ. ಚೆನ್ನಾಗಿ ಕೇಳಿಸ್ತಿದೆ."

ಅಷ್ಟೇ. ಗಡಿಯಾಚೆ, ನದಿಯ ಮೇಲ್ಭಾಗದ ಅಣೆಕಟ್ಟಿನ ಕಂಟ್ರೋಲ್ ರೂಮಿನಲ್ಲಿ ಅವರು, ಮೇಲ್ಮನೆ. ಈಚೆ, ಪ್ರವಾಹ ಮುನ್ಸೂಚನೆ ಕಚೇರಿಯಲ್ಲಿ ನಾನು, ಕೆಳಮನೆ. ಎರಡು ದೇಶ, ಒಂದೇ ನದಿ. ಮುಖ ನೋಡಿದ್ದು ಒಂದೇ ಸಲ, ಒಪ್ಪಂದಕ್ಕೆ ಸಹಿ ಬಿದ್ದ ದಿನ. ಗ್ರೂಪ್ ಫೋಟೋದಲ್ಲಿ ಮಂತ್ರಿಗಳ ಹಿಂದೆ ಅವರ ಬೋಳುತಲೆ ಮತ್ತು ನನ್ನ ಒಂದು ಕಿವಿ.

ಈ ನೇರ ಫೋನ್ ಲೈನ್ ಬರುವ ಮೊದಲು ನೀರು ಬಿಟ್ಟ ಸುದ್ದಿ ಅವರ ರಾಜಧಾನಿಗೆ ಹೋಗಿ, ನಮ್ಮ ರಾಜಧಾನಿಗೆ ಬಂದು, ಯಾರದೋ ಮೇಜಿನ ಮೇಲೆ ಒಂದು ನಿದ್ದೆ ತೆಗೆದು ಇಲ್ಲಿಗೆ ತಲುಪುತ್ತಿತ್ತು. ಅಷ್ಟರಲ್ಲಿ ನೀರೇ ಬಂದಿರುತ್ತಿತ್ತು. ಚಿಕ್ಕಪ್ಪ ಹೋದದ್ದು ಹಾಗೆ. ಹಳೇ ಪೇಟೆಯಲ್ಲಿ ಅವರ ಅಂಗಡಿ ಬಾಗಿಲು ಒಡೆದಾಗ ಒಳಗಿನ ಚಿಲಕ ಹಾಕಿದಂತೆಯೇ ಇತ್ತು.

ಈಗ ನಾವು ಕೇಳಿದರೆ ಮಳೆ ಬರುವ ಮೊದಲೇ ಅವರು ಗೇಟು ಎತ್ತಿ, ಅಣೆಕಟ್ಟಿನಲ್ಲಿ ಜಾಗ ಮಾಡಿಕೊಳ್ಳಬೇಕು. ಕಾಗದದ ಮೇಲೆ ಬಲು ಸೊಗಸು. ಇನ್ನೂ ಒಮ್ಮೆಯೂ ಕೇಳಿಲ್ಲ.

ಸಂಜೆ ಅಣ್ಣನ ಇಟ್ಟಿಗೆ ಭಟ್ಟಿಗೆ ಹೋಗಿದ್ದೆ. ಮಳೆಗಾಲ ಮುಗಿಯಿತಲ್ಲ, ಕೆಲಸ ಶುರು. ನದಿ ಪಕ್ಕದ ತಗ್ಗಿನಲ್ಲಿ ಹಸಿ ಇಟ್ಟಿಗೆ ಸಾಲುಸಾಲಾಗಿ ಒಣಗುತ್ತಿವೆ. "ಮುಟ್ಟಬೇಡ್ವೇ, ಬೆರಳಚ್ಚು ಬೀಳುತ್ತೆ" ಅಂತ ಬೈದ. ನನಗಿನ್ನೂ ಆರು ವರ್ಷ ಅಂದುಕೊಂಡಿದ್ದಾನೆ.

ನವೆಂಬರ್ ೯, ಭಾನುವಾರ

ಸಮುದ್ರದಲ್ಲಿ ಬಿರುಗಾಳಿ. ಅಕಾಲ. ಮೇಲೆ ಅಣೆಕಟ್ಟು ಬಾಯಿಯವರೆಗೆ ತುಂಬಿದೆ, ಬೇಸಿಗೆಗೆಂದು ಹಿಡಿದಿಟ್ಟ ನೀರು. ಮಳೆ ಅಲ್ಲಿಗೇ ಬೀಳುವ ಸಾಧ್ಯತೆ ಹತ್ತಕ್ಕೆ ಆರು. ಬಿದ್ದರೆ ಊರು ಮುಳುಗುತ್ತದೆ. ಮೊದಲೇ ಗೇಟು ಎತ್ತಿಸಿದರೆ ಊರು ಉಳಿಯುತ್ತದೆ, ತಗ್ಗು ಮಾತ್ರ ಮೊಣಕಾಲುದ್ದ ಮುಳುಗುತ್ತದೆ. ಮಳೆ ಬರಲಿ ಬಿಡಲಿ, ಅದು ಖಂಡಿತ.

ತಗ್ಗು ಅಂದರೆ ಅಣ್ಣನ ಭಟ್ಟಿ.

ಸಾಹೇಬರು, "ಡ್ಯೂಟಿ ನಿಮ್ಮದು, ನಿರ್ಧಾರನೂ ನಿಮ್ಮದೇ ಅಲ್ವಾ" ಎಂದು ಜಾರಿಕೊಂಡರು. ಕೇಳಿದೆ. ಗೇಟು ಎತ್ತಿಸಿ, ಹತ್ತಕ್ಕೆ ಆರು ಅಂತ. ಮೇಲ್ಮನೆಯವರು "ಎತ್ತಿಸ್ತೀನಿ" ಅಂದರು.

ಸೈರನ್ ಕೂಗಿದ ಮೇಲೆಯೇ ಅಣ್ಣನಿಗೂ ಗೊತ್ತಾದದ್ದು. ಮನೆಯವರಿಗೊಂದು, ಊರಿಗೊಂದು ಮಾಡಲಾಗದು. ಅರ್ಧ ಇಟ್ಟಿಗೆಯನ್ನು ನದಿ ಏರಿಯ ಮೇಲಕ್ಕೆ ಸಾಗಿಸಿದನಂತೆ.

ನವೆಂಬರ್ ೧೧

ಬಿರುಗಾಳಿ ದಿಕ್ಕು ಬದಲಿಸಿತು. ಒಂದು ಹನಿ ಇಲ್ಲ. ಎಲ್ಲೂ ಇಲ್ಲ.

ನವೆಂಬರ್ ೧೨

ಪೇಪರಿನಲ್ಲಿ ಕಾರ್ಟೂನ್. ಸುಡುಬಿಸಿಲಲ್ಲಿ ಕೊಡೆ ಹಿಡಿದ ಹೆಂಗಸು. ಮೂಗು ನನ್ನದಕ್ಕಿಂತ ಚೆನ್ನಾಗಿದೆ.

ತಗ್ಗಿಗೆ ಹೋದೆ. ಉಳಿದ ಇಟ್ಟಿಗೆಯೆಲ್ಲ ಕರಗಿ ಮತ್ತೆ ಮಣ್ಣಾಗಿದೆ, ಕಾಲಿಟ್ಟರೆ ಪಿಚಕ್ ಅನ್ನುತ್ತದೆ. ಅತ್ತಿಗೆ ಕೆಸರಿನಿಂದ ಅಚ್ಚುಗಳನ್ನು ಕೀಳುತ್ತಿದ್ದಳು, ಮಾತಾಡಿಸಲಿಲ್ಲ.

ಅಣ್ಣ ಮಾತಾಡಿದ. "ನಿನ್ನ ಓದಿಸಿದ್ದು ನಾನು. ಒಂದು ಗಂಟೆ ಮುಂಚೆ ನನಗೊಂದು ಮಾತು ಹೇಳೋಕೆ ನಿನಗೆ ಬಾಯಿ ಇರಲಿಲ್ವಾ?"

"ನಿನಗೆ ಹೇಳಿದ್ರೆ ಊರಲ್ಲಿ ಯಾರೂ ಸೈರನ್ ನಂಬಲ್ಲ ಅಣ್ಣ. ಬರೀ ನಿನ್ನ ಮನೆ ಬಾಗಿಲು ಕಾಯ್ತಾರೆ."

"ಈಗ ನಂಬ್ತಾರಾ?"

ಬಗ್ಗಿ ನಾನೂ ಒಂದು ಅಚ್ಚು ಕಿತ್ತೆ. ಆದರೂ ಮತ್ತೆ ಆರು ಬಂದರೆ ಮತ್ತೆ ಕೇಳುತ್ತೇನೆ. ಬರೆದಿಟ್ಟಿದ್ದೇನೆ, ನಾಳೆ ನಾನೇ ಹಿಂದೆ ಸರಿಯಬಾರದು.

ನವೆಂಬರ್ ೧೭, ಸೋಮವಾರ

ಟೆಸ್ಟ್ ಕಾಲ್. "ಕೇಳಿಸ್ತಿದೆ" ಅಂದು ಇಟ್ಟುಬಿಟ್ಟರು. ಕೆಳಮನೆ ಅನ್ನಲೂ ಇಲ್ಲ.

ಅಲ್ಲಿ ವಿಚಾರಣೆಯಂತೆ. ಬಿಟ್ಟ ನೀರನ್ನು ಮತ್ತೆ ತುಂಬಿಸಲು ಕಾಲುವೆ ಮುಚ್ಚಿದ್ದಾರೆ. ಹೊಲದವರು ಅವರ ಆಫೀಸಿಗೆ ಮುತ್ತಿಗೆ ಹಾಕಿ ಬಾಯಿಗೆ ಬಂದಂತೆ ಬೈದರಂತೆ. ನನ್ನ ಮಾತು ನಂಬಿದ್ದಕ್ಕೆ.

ನವೆಂಬರ್ ೨೭, ಗುರುವಾರ. ಬೆಳಿಗ್ಗೆ

ಇನ್ನೊಂದು ಬಿರುಗಾಳಿ. ಅದೇ ದಾರಿ. ಅಣೆಕಟ್ಟು ಮತ್ತೆ ಭರ್ತಿ. ಅಣ್ಣನ ಅಂಗಳವೂ ಭರ್ತಿ, ಹೊಸದಾಗಿ ಹಾಕಿದ ಇಟ್ಟಿಗೆ.

ಮೂರು ಸಲ ಲೆಕ್ಕ ಹಾಕಿದೆ. ಹತ್ತಕ್ಕೆ ಆರು. ಇದಕ್ಕೆ ಬೇರೆ ಸಂಖ್ಯೆಯೇ ಸಿಗಲಿಲ್ಲವೇ?

ಸಾಹೇಬರು ಬಾಗಿಲು ಮುಚ್ಚಿ ಕೂತರು. "ಆರು ಅಂದ್ರೆ ಈ ಸಲ ಅವರು ಎತ್ತಲ್ಲ. ಎಂಟು ಅನ್ನಿ."

"ಆರೇ ಇರೋದು ಸರ್."

"ಒಳ್ಳೇದಕ್ಕೇ ತಾನೇ ಹೇಳೋದು? ಊರು ಉಳಿಯುತ್ತಲ್ಲ."

ಅವರು ಕೆಟ್ಟವರಲ್ಲ. ಹಳೇ ಪೇಟೆಯ ಹೆಣಗಳನ್ನು ಅವರೂ ಎತ್ತಿದವರು. ಅದಕ್ಕೇ ಕಷ್ಟವಾಯಿತು. ಫೋನ್ ಹಿಡಿದಾಗ ಎಂಟು ನಾಲಿಗೆಯ ತುದಿಯಲ್ಲೇ ಇತ್ತು. ಎಂಟು ಅಂದರೆ ಊರು ಉಳಿಯುತ್ತದೆ, ಈ ಸಲಕ್ಕೆ. ಮುಂದಿನ ಸಲ ನಾನು ಏನಂದರೂ ಮೇಲ್ಮನೆಯವರು ಅದರಲ್ಲಿ ಎರಡು ಕಳೆದೇ ಕೇಳುತ್ತಾರೆ. ಆಮೇಲೆ ಫೋನ್ ಇದ್ದೂ ಇಲ್ಲದ ಹಾಗೆ.

"ಮೇಲ್ಮನೆ, ಗೇಟು ಎತ್ತಬೇಕು. ಹತ್ತಕ್ಕೆ ಆರು."

"ಹೋದ ಸಲವೂ ಆರೇ ಅಂದಿದ್ರಿ."

"ಹೌದು. ಆಗಲೂ ಆರೇ ಇತ್ತು. ಉಳಿದ ನಾಲ್ಕು ಬಂತು."

"ಇಲ್ಲಿ ನನ್ನನ್ನ ಹರಿದು ತಿನ್ನೋಕೆ ಕಾಯ್ತಿದ್ದಾರೆ, ಗೊತ್ತಾ? ಒಂದು ಏಳಾದ್ರೂ ಇಲ್ವಾ?"

"ಇಲ್ಲ. ಇದ್ದಿದ್ರೆ ಹೇಳ್ತಿದ್ದೆ. ನಿಮಗೆ ಸುಳ್ಳು ಹೇಳಲ್ಲ ಸರ್. ಆದ್ರೂ ಎತ್ತಿ ಅಂತಾನೇ ಕೇಳ್ತಿದ್ದೀನಿ."

ಅಲ್ಲಿ ಯಾರೋ ಕೂಗಾಡುವುದು ಕೇಳಿಸುತ್ತಿತ್ತು. ಇವರು ಉಸಿರು ಬಿಟ್ಟದ್ದೂ ಕೇಳಿಸಿತು.

"ನಮ್ಮ ಲೆಕ್ಕದಲ್ಲೂ ಆರೇ ಬಂದಿದೆ ಕೆಳಮನೆ. ನೀವು ಎಂಟು ಒಂಬತ್ತು ಅಂದಿದ್ರೆ ಫೋನ್ ಇಡ್ತಿದ್ದೆ. ಸೈರನ್ ಹಾಕಿಸಿ. ಸಹಿ ನಾನು ಮಾಡ್ತೀನಿ."

ಸಾಹೇಬರು ತಮ್ಮ ಪಾಲಿನ ಟೀ ನನ್ನ ಕಡೆ ತಳ್ಳಿದರು.

ಅದೇ ದಿನ, ಮಧ್ಯಾಹ್ನ

ಸೈರನ್ ಆದ ಕೂಡಲೇ ತಗ್ಗಿಗೆ ಓಡಿದೆ. ಅಣ್ಣ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ.

"ಎಷ್ಟು?"

"ಆರು."

"ಮತ್ತೆ ಅದೇ ದರಿದ್ರ ಆರಾ?"

"ಅದೇ."

ನೆಲಕ್ಕೆ ಉಗಿದ. ಆಮೇಲೆ ಆಳುಗಳಿಗೆ ಕೂಗಿ ಹೇಳಿದ, ಒಣಗಿದ ಸಾಲಿನಿಂದ ಶುರು ಮಾಡಿ ಅಂತ. ನಾನೂ ಹೊತ್ತೆ. ನಾನು ಹೊತ್ತದ್ದರಲ್ಲಿ ಅರ್ಧ ಮುರಿದವು. "ನೀನು ಆಫೀಸಿಗೆ ಹೋಗು ತಾಯಿ, ಪ್ರವಾಹವೇ ವಾಸಿ" ಅಂದ. ಹದಿನೈದು ದಿನದ ಮೇಲೆ ನನ್ನ ಹತ್ತಿರ ಆಡಿದ ಮೊದಲ ತಮಾಷೆ. ಏರಿ ಹತ್ತುವಾಗ ಕಣ್ಣು ಮಂಜಾಯಿತು.

ನವೆಂಬರ್ ೨೮, ಶುಕ್ರವಾರ

ಬಿಟ್ಟ ನೀರು ತಗ್ಗಿಗೆ ಬಂತು. ಸಾಗಿಸಲಾಗದೆ ಉಳಿದ ಸಾಲುಗಳು ಒಂದೊಂದಾಗಿ ಕುಸಿದವು. ಆಕಾಶ ತೊಳೆದಿಟ್ಟ ಹಾಗಿದೆ. ಬಸ್ಸಿನಲ್ಲಿ ಒಬ್ಬ, "ಮೇಡಂ, ಕೊಡೆ ತಂದಿಲ್ವಾ?" ಅಂದ. ಎಲ್ಲರೂ ನಕ್ಕರು. ಹಲ್ಲು ಕಚ್ಚಿ ಕೂತೆ.

ಅಮ್ಮ ಫೋನಿನಲ್ಲಿ: "ಮಳೆ ಬರಲಿ ಅಂತ ಬೇಡಬೇಕೋ, ಬರದಿರಲಿ ಅಂತಲೋ?" ನನಗೂ ಗೊತ್ತಿಲ್ಲ ಅಮ್ಮ.

ನವೆಂಬರ್ ೨೯, ಶನಿವಾರ. ಬೆಳಿಗ್ಗೆ

ಟೆಸ್ಟ್ ದಿನವಲ್ಲ. ಆದರೂ ಆ ಫೋನೇ.

"ಶುರುವಾಯ್ತು. ನನಗೆ ಅಣೆಕಟ್ಟಿನ ಗೋಡೆನೇ ಕಾಣಿಸ್ತಿಲ್ಲ, ಅಂಥಾ ಮಳೆ. ಒಳಹರಿವು ನೋಡಿದ್ರೆ ಎದೆ ಝಲ್ ಅನ್ನುತ್ತೆ."

"ಹಿಡಿಯುತ್ತಾ?"

"ಜಾಗ ಇದೆ. ನೀವೇ ಮಾಡಿಸಿದ ಜಾಗ. ಹಿಡೀತೀನಿ."

ಊರು ಏಳುತ್ತಿದೆ. ಹಳೇ ಪೇಟೆಯಲ್ಲಿ ಶಟರ್ ಎತ್ತುವ ಸದ್ದು. ಯಾರಿಗೂ ಏನೂ ಗೊತ್ತಿಲ್ಲ, ಗೊತ್ತಾಗಬೇಕಾದ್ದೂ ಇಲ್ಲ.

ಅಣ್ಣ ಆಫೀಸಿಗೇ ಬಂದಿದ್ದಾನೆ. ಮೊಣಕಾಲವರೆಗೆ ಕೆಸರು. ಕುರ್ಚಿ ಎಳೆದು ಎದುರಿಗೇ ಕೂತಿದ್ದಾನೆ. ಹೇಳಬೇಕು, ಮೇಲೆ ಮಳೆ ಬಂತು ಅಂತ, ಈ ಸಲ ನಿನ್ನ ಇಟ್ಟಿಗೆ ಸುಮ್ಮನೆ ಹೋಗಲಿಲ್ಲ ಅಣ್ಣ ಅಂತ. ಬಾಯಿ ತೆರೆದರೆ ಅಳು ಬರುತ್ತದೆ, ಅದಕ್ಕೇ ಬರೆಯುತ್ತಿರುವ ನೆಪ. ಅವನೇ ಕೇಳುತ್ತಿದ್ದಾನೆ, "ಏನಾಯ್ತೇ, ಹೇಳೇ, ಚಿಕ್ಕಪ್ಪನ ಬೀದಿಗೆ ನೀರು ಬರುತ್ತಾ?" ಪೆನ್ನು ಇಟ್ಟು ಹೇಳುತ್ತೇನೆ.