ಟೊಳ್ಳು ಹಲಗೆಗಳು

ಅಕ್ಕನಿಗೆ ತಮ್ಮನ ನಮಸ್ಕಾರ.

ಭಾವನವರೊಂದಿಗೆ ಹೊರಟ ಸೈಕಲ್ ಪ್ರವಾಸದ ಮೂರನೆಯ ದಿನ, ಡಾಂಬರು ಮುಗಿದು ಜಲ್ಲಿ ಹಾದಿ ಹಿಡಿದ ಮೇಲೆ, ಆಳವಾದ ಹಳ್ಳಕ್ಕೆ ಕಟ್ಟಿದ ಮರದ ಸೇತುವೆಯೊಂದು ಎದುರಾಯಿತು. ಸೇತುವೆಗಳ ತಪಾಸಣೆಯೇ ನನ್ನ ವೃತ್ತಿಯಾದ್ದರಿಂದ ಸ್ಪ್ಯಾನರಿನಿಂದ ತಟ್ಟಿ ನೋಡಿದೆ. ನಲವತ್ತು ಹಲಗೆಗಳಲ್ಲಿ ಹದಿನೇಳು ಟೊಳ್ಳು ಸದ್ದು ಕೊಟ್ಟವು, ಅಂದರೆ ಒಳಗೇ ಕೊಳೆತಿವೆ.

“ಯಾರ ಮನೆ ಬಾಗಿಲು ತಟ್ತಿದ್ದೀಯೋ ಮಾರಾಯ? ಒಳಗೆ ಯಾರೂ ಇಲ್ಲ!” ಎನ್ನುತ್ತ ಭಾವ ಸೈಕಲ್ ತುಳಿದುಕೊಂಡು ದಾಟಿಯೇಬಿಟ್ಟರು. ನಡುವೆ ಒಂದು ಹಲಗೆ ಲಟಕ್ಕೆಂದಿತು. ನಾನು ಅಂಚಿನ ತೊಲೆಯ ಮೇಲೆ ನಡೆದು ದಾಟಿದೆ.

ಭಾವನವರ ಮಂಡಿನೋವು ಇಳಿದಿದೆ. ನಾಳೆ ಅದೇ ಸೇತುವೆಯ ಮೇಲೆ ಮರಳೋಣವೆಂದು ಹಟ ಹಿಡಿದಿದ್ದಾರೆ. ಅವರ ಎರಡೂ ಚಕ್ರಗಳ ವಾಲ್ವ್ ಬಿಚ್ಚಿ ನನ್ನ ಜೇಬಿನಲ್ಲಿಟ್ಟುಕೊಂಡಿದ್ದೇನೆ. ಬಸ್ಸಿನಲ್ಲಿ ಬರುತ್ತೇವೆ. ಅವರಿಗೆ ಹೇಳಬೇಡ.

ನಿನ್ನ ತಮ್ಮ