ಲೇಬಲ್ಲಿನಲ್ಲಿ ಬರೆಯದ್ದು

ನನ್ನ ಡುಮ್ಮಿ,

ಹೀಗೆ ಕರೆಯುವುದನ್ನು ಎಂದೋ ಬಿಡಬೇಕಿತ್ತು. ಎರಡು ಮಕ್ಕಳ ತಾಯಿಯಾದ ಮೇಲೂ ನಿನ್ನನ್ನು ನಾಲ್ಕು ಜನರ ಮುಂದೆ ಹೀಗೇ ಕರೆದು ನಗಾಡಿದವಳು ನಾನು.

ನಿನ್ನ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಎದೆಬಡಿತ ಹದಕ್ಕೆ ಬಂದಿದೆಯಂತೆ. ಇನ್ನು ಮುಂದೆ ಮೆಟ್ಟಿಲು ಹತ್ತುವಾಗಲೂ ಹುಷಾರಾಗಿರಬೇಕು ಎಂದರು ಡಾಕ್ಟರು. ಒಳಗೆ ಬಂದು ಮುಖ ತೋರಿಸುವ ಧೈರ್ಯ ನನಗಿಲ್ಲ. ಸಾಕಾಗಿ ಹೋಗಿದೆ ಕಣೇ.

ತೂಕ ಇಳಿಸುವ ಆ ಪುಡಿಯ ಡಬ್ಬಿ ಹಿಡಿದು ನೀನು ನಮ್ಮ ಅಡುಗೆಮನೆಗೆ ಬಂದಿದ್ದೆಯಲ್ಲ. "ಅಕ್ಕಾ, ನೀನು ಲ್ಯಾಬಲ್ಲಿರೋಳು, ಇದು ತಿನ್ಬೋದಾ ಹೇಳು" ಎಂದೆ. ಡಬ್ಬಿ ನೋಡಿ, "ನಮ್ಮಲ್ಲೇ ಪಾಸಾಗಿದೆ, ತಿನ್ನು" ಎಂದುಬಿಟ್ಟೆ.

ಪಾಸು ಮಾಡಿದವಳೇ ನಾನು. ಇದನ್ನು ನಿನಗೆ ಹೇಳಿರಲಿಲ್ಲ. ನಮ್ಮ ಸರ್ಕಾರಿ ಲ್ಯಾಬಿನ ಪದ್ಧತಿಯೇ ಹಾಗೆ: ಆಹಾರವೆಂದು ಬಂದ ಡಬ್ಬಿಯಲ್ಲಿ, ಲೇಬಲ್ಲಿನ ಮೇಲೆ ಬರೆದದ್ದೆಲ್ಲ ಇದೆಯೇ ಎಂದು ನೋಡಬೇಕು. ಬರೆಯದೆ ಬೆರೆಸಿದ್ದಕ್ಕೆ ಫಾರಂನಲ್ಲಿ ಕಾಲಮ್ಮೇ ಇಲ್ಲ. ಆ ಪುಡಿಯನ್ನು ಪರೀಕ್ಷಿಸಿದಾಗ ಯಂತ್ರ ಕೊಟ್ಟ ಗ್ರಾಫಿನಲ್ಲಿ, ಲೇಬಲ್ಲಿನಲ್ಲಿದ್ದ ಯಾವುದಕ್ಕೂ ಹೊಂದದ ಗೆರೆಯೊಂದು ಎದ್ದಿತ್ತು. ಮೇಲಧಿಕಾರಿಗೆ ತೋರಿಸಿದೆ. "ಔಷಧಿ ಆದ್ರೆ ಔಷಧಿ ಇಲಾಖೆ ನೋಡ್ಕೊಳ್ಳುತ್ತೆ. ನೀವ್ಯಾಕಮ್ಮ ಮೈಮೇಲೆ ಎಳ್ಕೋತೀರಿ?" ಎಂದರು. ಹಿಂದೆ ಬೇರೆ ಡಬ್ಬಿಗಳ ಬಗ್ಗೆ ಮೂರು ಸಲ ನಾನು ಬರೆದ ಕಾಗದಗಳು ಎರಡು ಇಲಾಖೆಗಳ ನಡುವೆ ಅಲೆದು ನನ್ನ ಮೇಜಿಗೇ ಮರಳಿದ್ದವು. ಈ ಸಲ ಬರೆಯಲಿಲ್ಲ. ಸಹಿ ಹಾಕಿ ಮುಂದಿನ ಡಬ್ಬಿ ತೆರೆದೆ.

ನೀನು ಕೇಳಿದ ದಿನ ಆ ಗೆರೆ ನೆನಪಾಗಿತ್ತು. ಬಣ್ಣವೋ ಏನೋ ಇರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನೀನು ಕುಸಿದು ಬಿದ್ದ ಮೇಲೆ ಡಬ್ಬಿಯಲ್ಲಿ ಉಳಿದ ಪುಡಿಯನ್ನು ಒಯ್ದು, ಯಾರ ಅಪ್ಪಣೆಗೂ ಕಾಯದೆ ಪೂರ್ತಿ ಪರೀಕ್ಷಿಸಿದೆ. ಎದೆಗೆ ಅಪಾಯವೆಂದು ಎಂದೋ ನಿಷೇಧಿಸಿದ ಔಷಧಿ ಅದು.

ಆ ಪುಡಿ ಮಾಡಿದ ಕಂಪನಿಯ ಮೇಲೆ ನಾಳೆ ಇಲಾಖೆಯ ವಿಚಾರಣೆ. ಕಂಪನಿಯವರು ನನ್ನ ಸಹಿ ಇರುವ ವರದಿಯನ್ನೇ ಮುಂದೆ ಹಿಡಿದು ಬರುತ್ತಾರೆ. "ಎರಡು ದಿನ ರಜಾ ಹಾಕ್ಬಿಡಿ" ಎಂದು ಮೇಲಧಿಕಾರಿ ಫೋನು ಮಾಡಿದ್ದರು. ಹಾಕುವುದಿಲ್ಲ. ಗೆರೆ ಕಂಡಿತ್ತು, ಕಂಡೂ ಬಿಟ್ಟೆ ಎಂದು ಅಲ್ಲಿ ನಿಂತು ಹೇಳುತ್ತೇನೆ. ಕೆಲಸ ಹೋದರೆ ಹೋಗಲಿ.

ಅದಕ್ಕೆ ಮುಂಚೆ ನಿನಗೆ ಗೊತ್ತಾಗಬೇಕು. ಜಾಹೀರಾತು ನೋಡಿ ಮೋಸಹೋದಳು, ಬುದ್ಧಿ ಇಲ್ಲದವಳು ಎಂದು ಎಲ್ಲರೂ ನಿನ್ನನ್ನೇ ಬೈಯುತ್ತಿದ್ದಾರೆ, ನಿನ್ನ ಗಂಡನೂ. ನಾನೂ ಪಕ್ಕದಲ್ಲಿ ನಿಂತು ಸುಮ್ಮನೆ ಕೇಳಿಸಿಕೊಂಡೆ. ನೀನು ಯಾವ ಜಾಹೀರಾತನ್ನೂ ನಂಬಲಿಲ್ಲ ಕಣೇ. ನನ್ನನ್ನು ನಂಬಿದೆ.

ಕಾಗದವನ್ನು ನರ್ಸಮ್ಮನ ಕೈಗೆ ಕೊಟ್ಟು ಹೋಗುತ್ತೇನೆ. ಹೊಟ್ಟೆ ತುಂಬ ಉಂಡು, ನೂರು ಕಾಲ ಬಾಳು.

ಇನ್ನೂ ನಿನ್ನ,
ಅಕ್ಕ