ಇಪ್ಪತ್ತೊಂದು ತುಂಬಿದ ಮಗಳಿಗೆ

ವಲ್ಲೇಹೊ, ಕ್ಯಾಲಿಫೋರ್ನಿಯಾ
ಭಾನುವಾರ, ನವೆಂಬರ್ 8, 1998

ನನ್ನ ಮುದ್ದು ಲಿಯೋನಿಸಾ,

ಹೇಗಿದ್ದೀಯೆ ಕಂದಾ? ಅಜ್ಜಿಯ ಮಂಡಿನೋವು ಇಳಿಯಿತೇ? ಮಳೆಗಾಲ ಮುಗಿದ ಮೇಲೆ ನಿನಗೆ ಪ್ರತಿವರ್ಷ ಕೆಮ್ಮು ಹತ್ತಿಕೊಳ್ಳುತ್ತದೆ. ಶುಂಠಿ ಕುದಿಸಿ ಕುಡಿ, ಹಸಿಗೂದಲಲ್ಲಿ ಮಲಗಬೇಡ. ಹೋದ ಭಾನುವಾರ ಸತ್ತವರ ಹಬ್ಬಕ್ಕೆ ತಾತನ ಸಮಾಧಿಗೆ ಸುಣ್ಣ ಹೊಡೆಸಿದೆಯಾ? ಇಲ್ಲಿ ನಾವು ಮೇಣದಬತ್ತಿ ಹಚ್ಚೋಣವೆಂದರೆ ನಮ್ಮವರೆನ್ನುವ ಸಮಾಧಿ ಒಂದೂ ಇಲ್ಲ. ಗ್ಯಾರೇಜಿನ ಕಿಟಕಿಯಲ್ಲಿಟ್ಟು ಹಚ್ಚಿದೆ. ನಿನ್ನಪ್ಪನ ಅಕ್ಕ ಸಲೂದ್ ಅತ್ತೆ ಬಂದು ಆರಿಸಿ, "ಮನೆ ಸುಟ್ಹಾಕ್ಬೇಡ ಪೂರಿಂಗ್, ಇನ್ನೂ ಸಾಲ ತೀರಿಲ್ಲ" ಅಂದರು.

ಹೌದು, ನಾವಿನ್ನೂ ಗ್ಯಾರೇಜಿನಲ್ಲೇ ಇದ್ದೇವೆ. ಅತ್ತೆಯ ಕಾರು ಹೊರಗೆ ನಿಲ್ಲುತ್ತದೆ, ನಾವು ಮೂವರು ಒಳಗೆ ಮಲಗುತ್ತೇವೆ. ನಿನ್ನಪ್ಪ ಅತ್ತೆ ನಡೆಸುವ ವೃದ್ಧಾಶ್ರಮಕ್ಕೇ ಕೆಲಸಕ್ಕೆ ಹೋಗುತ್ತಾರೆ. ನಮ್ಮೂರು ನಾರ್ವಕಾನಿನಲ್ಲಿ ಅವರು ರಸ್ತೆಗಿಳಿದರೆ ಹೆಡ್‌ಮಾಸ್ತರು ಬಂದರೆಂದು ಹುಡುಗರು ಸೈಕಲ್ಲಿಂದ ಇಳಿಯುತ್ತಿದ್ದರು. ಇಲ್ಲಿ ಒಬ್ಬ ಮುದುಕ, ಹಾಸಿಗೆ ಒದ್ದೆ ಮಾಡಿಕೊಂಡವನು, ಅವರನ್ನು "ಲೋ ಹುಡುಗಾ" ಎಂದು ಕೂಗುತ್ತಾನೆ. ಅವರು ಹೋಗುತ್ತಾರೆ. ಅಡುಗೆಯಲ್ಲಿ ಒಂದು ಹಿಡಿ ಅಕ್ಕಿ ಹೆಚ್ಚಾದರೂ ಅತ್ತೆಗೆ ತಿಳಿದುಬಿಡುತ್ತದೆ. ಪೂಜೆ ಮುಗಿದು ಇಗರ್ಜಿಯ ಬಾಗಿಲಲ್ಲಿ ನಾಲ್ಕು ಜನ ಸೇರಿದರೆ ಸಾಕು, ನಮ್ಮ ಕಡೆ ಕೈ ತೋರಿಸಿ, "ಇವ್ರೇ ನಾನು ಕರೆಸ್ಕೊಂಡೋರು. ಸಾಯೋವರ್ಗೂ ಇವರ ಅನ್ನಕ್ಕೆ ನಾನೇ ಜವಾಬ್ದಾರಿ ಅಂತ ಸರ್ಕಾರಕ್ಕೆ ಸಹಿ ಹಾಕಿದ್ದೀನಿ" ಎನ್ನುತ್ತಾರೆ. ನಾವು ನಗುತ್ತೇವೆ. ಮರಿಟೆಸ್ ಮಾತ್ರ ನಗುವುದಿಲ್ಲ. ನಿನ್ನ ತಂಗಿಗೆ ಹದಿನೇಳರಲ್ಲೇ ನಾಲಿಗೆ ಉದ್ದವಾಗಿದೆ.

ಲಿಯೋನಿಸಾ, ಮನಿಲಾದ ವೀಸಾ ಕಚೇರಿಯ ಆ ದಿನ ನನ್ನ ಕಣ್ಣಿಂದ ಹೋಗುತ್ತಿಲ್ಲ. ಗಾಜಿನ ಹಿಂದೆ ಕೂತಿದ್ದ ನಮ್ಮೂರ ಕಡೆಯ ಹೆಂಗಸು, ಸಂತೆಯಲ್ಲಿ ಮೀನು ಮುಗಿಯಿತು ಎನ್ನುವ ಹಾಗೆ, "ದೊಡ್ಡವಳದ್ದು ಆಗಲ್ಲಮ್ಮಾ. ಜುಲೈಗೇ ಇಪ್ಪತ್ತೊಂದು ತುಂಬ್ಹೋಯ್ತಲ್ಲ, ಇನ್ನು ಮಕ್ಕಳ ಲೆಕ್ಕಕ್ಕೆ ಬರಲ್ಲ" ಅಂದಳು. ಅತ್ತೆ ತಮ್ಮನಿಗಾಗಿ ಅರ್ಜಿ ಹಾಕಿದಾಗ ಇವಳು ತೊಟ್ಟಿಲಲ್ಲಿದ್ದಳು ತಾಯೀ ಎಂದೆ. "ತೊಟ್ಟಿಲಲ್ಲಿದ್ದಾಗ್ಲೇ ಸರದಿ ಬಂದಿದ್ರೆ ಎತ್ಕೊಂಡೇ ಹೋಗ್ಬೋದಿತ್ತು" ಎಂದು ನಕ್ಕಳು. ನಿನ್ನಪ್ಪ ಎದ್ದು ನಿಂತು, ನಮಗೂ ಬೇಡ ಎಂದುಬಿಟ್ಟರು. ಅವರ ತೋಳು ಹಿಡಿದು ಕೂರಿಸಿದವಳು ನೀನೇ. ಬಸ್ಸಿನಲ್ಲಿ ಊರು ತಲುಪುವವರೆಗೆ ನಗುನಗುತ್ತಾ ಮಾತಾಡಿದೆ, ನಮ್ಮ ಪೆಟ್ಟಿಗೆಗಳಿಗೆ ಹಗ್ಗ ಬಿಗಿದೆ. ಅಷ್ಟು ಗಟ್ಟಿ ಹುಡುಗಿ ನೀನು. ಅದಕ್ಕೇ ನಿನ್ನ ಹತ್ತಿರ ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದೇನೆ.

ಜನವರಿಯಲ್ಲಿ ಮದುವೆಯೆಂದು ಬರೆದಿದ್ದೀಯೆ. ರೊನ್ನೆಲ್ ಒಳ್ಳೆಯ ಹುಡುಗ, ನಾನು ಇಲ್ಲವೆನ್ನುವುದಿಲ್ಲ. ಬಾಡಿಗೆ ಟ್ರೈಸಿಕಲ್ ಗಾಡಿ ರಿಪೇರಿ ಮಾಡುವ ಕೈಯಾದರೂ ಉಗುರು ಶುದ್ಧವಾಗಿಟ್ಟುಕೊಳ್ಳುತ್ತಾನೆ. ನಿನ್ನ ಕಾಗದ ಓದಿ ನಿನ್ನಪ್ಪ ಬಣ್ಣದ ಡಬ್ಬಗಳ ಮರೆಯಲ್ಲಿ ಕೂತು ಅತ್ತರು. ಆಮೇಲೆ ಫೋನಿನಲ್ಲಿ, "ಮಾಡ್ಕೋ ಮಗಳೇ, ನಿನ್ ಬಾಳು ನಿಂದು" ಎಂದರಂತಲ್ಲ. ಅದು ಗಂಡಸರು ಆಡುವ ಮಾತು. ಅತ್ತೆ ಆ ರಾತ್ರಿ ಊಟಕ್ಕೆ ಕೂತಾಗ ಏನಂದರು ಗೊತ್ತೇ? "ಮಾಡ್ಕೊಳ್ಳಿ ಬಿಡು. ಗ್ರೀನ್ ಕಾರ್ಡಿನವರು ಮದುವೆಯಾದ ಮಗಳನ್ನ ಕರೆಸೋ ಹಾಗಿಲ್ಲ. ನಿಮ್ಮನ್ನ ಕರೆಸೋಕೆ ನನಗೆ ಇಪ್ಪತ್ತು ವರ್ಷ ಹಿಡೀತು. ಅವಳ ದಾರಿ ಮುಚ್ಚೋಕೆ ಪಾದ್ರಿಗೆ ಐದು ನಿಮಿಷ ಸಾಕು." ಹಾಗೆಂದು ಇನ್ನೊಂದು ತುಂಡು ಮೀನು ಬಡಿಸಿಕೊಂಡರು. ಮಾತು ಕೆಟ್ಟದ್ದು, ಆದರೆ ಸುಳ್ಳಲ್ಲ.

ಇಲ್ಲಿಗೆ ಬಂದ ವಾರವೇ ನಿನ್ನ ಹೆಸರಲ್ಲಿ ನಾನು ಅರ್ಜಿ ಹಾಕಿದ್ದೇನೆ. 'ಮದುವೆಯಾಗದ ಮಗಳು' ಎಂದು. ಎಂಟು ವರ್ಷವಾದೀತು, ಹತ್ತಾದರೂ ಆದೀತು ಎನ್ನುತ್ತಾರೆ ವಕೀಲರು. ಉಂಗುರ ತೊಟ್ಟ ದಿನ ಆ ಅರ್ಜಿ ಸತ್ತುಹೋಗುತ್ತದೆ. "ಅಮ್ಮಾ, ನಂಗೆ ಅಮೆರಿಕ ಬೇಡ, ಅವನು ಬೇಕು" ಎಂದು ಬರೆದಿದ್ದೀಯೆ. ನಿನ್ನ ವಯಸ್ಸಿನಲ್ಲಿ ಎಲ್ಲರೂ ಹಾಗೇ ಬರೆಯುವುದು. ಮೂವತ್ತಾದ ಮೇಲೆ ನನ್ನನ್ನು ನೆನೆದು ಕೈ ಮುಗಿಯುತ್ತೀಯೆ. ಇಲ್ಲಿ ಯಾರಾದರೂ ಎಷ್ಟು ಮಕ್ಕಳೆಂದು ಕೇಳಿದರೆ ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ಒಂದೇ" ಎಂದುಬಿಡುತ್ತಾರೆ. ಆ ಮಾತನ್ನು ನಾನು ಎಷ್ಟು ವರ್ಷ ಕೇಳಿಸಿಕೊಳ್ಳಲಿ ಹೇಳು? ಮಗಳನ್ನು ಬಿಟ್ಟುಬಂದವಳು ಎನ್ನಿಸಿಕೊಂಡು ಈ ದೇಶದ ಮಣ್ಣಿಗೆ ಹೋಗಲಾರೆ. ನೀನು ಬರಬೇಕು. ನಿನಗೆ ಬೇಕಿಲ್ಲದಿದ್ದರೆ ನನಗಾಗಿ ಬಾ.

ಅಜ್ಜಿಗೆ ನನ್ನ ನಮಸ್ಕಾರ ಹೇಳು. ಮರಿಟೆಸ್ ಶಾಲೆಗೆ ನಿನ್ನ ನೀಲಿ ಸ್ವೆಟರ್ ಹಾಕಿಕೊಂಡು ಹೋಗುತ್ತಾಳೆ, ಒಗೆಯಲು ಕೊಡುವುದಿಲ್ಲ, ಅಕ್ಕನ ವಾಸನೆ ಹೋಗಿಬಿಡುತ್ತದಂತೆ. ಮಾತೆ ಮೇರಿ ನಿನ್ನ ತಲೆಯ ಮೇಲೆ ಕೈ ಇಟ್ಟಿರಲಿ. ಹೊಟ್ಟೆ ತುಂಬ ಉಣ್ಣು.

ನಿನ್ನನ್ನು ಹೆತ್ತವಳು,
ಪೂರಿಂಗ್

ಮರೆತ ಮಾತು: ನಿನ್ನಪ್ಪ ಬರುವ ಹೊತ್ತಾಯಿತು, ಬೇಗ ಬರೆದು ಅಂಟಿಸುತ್ತೇನೆ. ಗುರುವಾರ ರೊನ್ನೆಲನ ತಾಯಿಗೆ ನಾನೇ ಫೋನ್ ಮಾಡಿದೆ. ನಿನಗೇ ಈಗ ಅವನ ಮೇಲೆ ಮನಸ್ಸಿಲ್ಲ, ಎದುರಿಗೆ ಹೇಳಲು ಸಂಕೋಚ, ಅದಕ್ಕೆ ನನ್ನಿಂದ ಹೇಳಿಸುತ್ತಿದ್ದೀಯೆ ಎಂದೆ. ಆಕೆ ಮೊದಲು ಅತ್ತಳು, ಆಮೇಲೆ ಬಾಯಿಗೆ ಬಂದಂತೆ ಶಪಿಸಿದಳು. ಹುಡುಗ ಮಾರನೆಯ ದಿನವೇ ಮನಿಲಾಕ್ಕೆ ಹೊರಟನಂತೆ, ಯಾವುದೋ ಹಡಗಿನ ಕೆಲಸಕ್ಕೆ ಸೇರುತ್ತಾನಂತೆ. ಈ ಕಾಗದ ನಿನ್ನ ಕೈಸೇರುವ ಹೊತ್ತಿಗೆ ನಡುಸಮುದ್ರದಲ್ಲಿರುತ್ತಾನೆ. ಅವರ ಮನೆ ಬಾಗಿಲಿಗೆ ಹೋಗಿ ಅಳಬೇಡ. ನಿನ್ನಪ್ಪನಿಗೆ ಏನೂ ಗೊತ್ತಿಲ್ಲ, ಗೊತ್ತುಮಾಡಬೇಡ, ಅವರ ಎದೆ ಮೊದಲಿನಂತಿಲ್ಲ. ಇನ್ನು, ಬೆಳಗಾದರೆ ನೀನು ಬಾಯಿ ಮುಚ್ಚಿಕೊಂಡು ಹಿತ್ತಲಿಗೆ ಓಡುವುದನ್ನು ಅಜ್ಜಿ ಹೇಳಿದರು. ಹೆದರಬೇಡ. ಹೆಸರು ಹೇಳದೆ ವಕೀಲರನ್ನು ಕೇಳಿದೆ. ತಾಯಿಗೆ ಮದುವೆ ಆಗಿರದಿದ್ದರೆ ಸಾಕು, ಮಗುವನ್ನು ಜೊತೆಗೆ ಕರೆತರಬಹುದಂತೆ. ಹೆರು, ನಮ್ಮ ಮನೆತನದ ಹೆಸರನ್ನೇ ಇಡು. ಜ್ಞಾನಸ್ನಾನದ ದಿನ ತಂದೆ ಯಾರೆಂದು ಪಾದ್ರಿ ಕೇಳಿದರೆ, ತಲೆ ತಗ್ಗಿಸಿ ಸುಮ್ಮನೆ ನಿಂತುಕೋ.